ಬಟ್ಟೆ ಒಗೆಯುವ ಕೋಣೆಯ ಮಂಜು

೧
ಹೇಗೆ ಶುರು ಮಾಡಲಿ? "ಸ್ಟಾಕ್‌ಹೋಮಿನಲ್ಲಿ ಒಬ್ಬ ಗಾಯಕನಿದ್ದ" ಎಂದರೆ ಅವನು ಗಾಯಕನೇ ಅಲ್ಲವೆಂದು ನೀವು ಜಗಳಕ್ಕೆ ಬರುತ್ತೀರಿ. ನಿಜ, ಮೆಲ್ಕೆರ್ ಹಾಡುವುದಿಲ್ಲ. ಜ್ವರ ಬಂದವನ ಹಾಗೆ ಗೊಣಗುತ್ತಾನೆ. ಆ ಗೊಣಗಾಟವನ್ನು ಕಂಪ್ಯೂಟರಿನಲ್ಲಿ ಹಾಯಿಸಿ, ಸುತ್ತ ಪ್ರತಿಧ್ವನಿ ತುಂಬಿ, ತಾಳವನ್ನು ಎಳೆದೆಳೆದು ಬಿಟ್ಟರೆ ಅದಕ್ಕೆ ಕ್ಲೌಡ್ ರ‍್ಯಾಪ್ ಎನ್ನುತ್ತಾರೆ. ವೇದಿಕೆಯ ಮೇಲೆ ಅವನ ಹೆಸರು ಡಿಮ್ಮಾ, ಅಂದರೆ ಮಂಜು. (ಆ ಹೆಸರನ್ನೂ ಇಟ್ಟವನು ಅವನಲ್ಲ. ತಡೆಯಿರಿ, ಅಲ್ಲಿಗೇ ಬರುತ್ತಿದ್ದೇನೆ. ಸಿಟ್ಟು ಬಂದಾಗ ನನ್ನ ಕಥೆ ಹಿಂದುಮುಂದಾಗುತ್ತದೆ.)

೨ (ಮೊದಲ ಕರಡು. ಹರಿದು ಹಾಕಿದ್ದು.)
"ಒಂಟಿ ಹುಡುಗ. ನವೆಂಬರಿನ ಕತ್ತಲೆ. ತನ್ನ ಕೋಣೆಯಲ್ಲಿ ಒಬ್ಬನೇ ಕೂತು..."
ಸುಳ್ಳು. ಇದನ್ನು ಅವನ ರೆಕಾರ್ಡ್ ಕಂಪನಿಯವರು ಪ್ರತಿ ಆಲ್ಬಮ್ಮಿಗೂ ಬರೆದು ಕೊಡುತ್ತಾರೆ. ನಾನೂ ಇದನ್ನೇ ಬರೆದರೆ ನನ್ನ ಕೈಗೆ ಲಕ್ವ ಹೊಡೆಯಲಿ.

೩
ನಡೆದದ್ದು ಇಷ್ಟು. ಸ್ಟಾಕ್‌ಹೋಮಿನ ಅಂಚಿನ ಫಾರ್ಸ್ತಾದಲ್ಲಿ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಇದೆ. ಪಾಳಿಗೆ ಮೊದಲೇ ಬುಕ್ ಮಾಡಬೇಕು. ಇನ್ನೊಬ್ಬರ ಪಾಳಿಗೆ ಕೈ ಹಾಕಿದವರನ್ನು ಇಲ್ಲಿ ಕೊಲೆಗಾರರಿಗಿಂತ ಕಡೆಯಾಗಿ ನೋಡುತ್ತಾರೆ. ಮೂರನೇ ಮಹಡಿಯ ಟಿಂಡ್ರಾ ತನ್ನ ಮನೆಯ ಪಾಳಿಯಲ್ಲಿ ಬಟ್ಟೆ ಒಗೆಯುವುದು ಬಿಟ್ಟು, ಬಟ್ಟೆ ಒಣಗಿಸುವ ಯಂತ್ರದ ಖಾಲಿ ಹೊಟ್ಟೆಯೊಳಗೆ ಮೈಕು ನೇತುಹಾಕಿದಳು. ಶಾಲೆಯ ಗೆಳೆಯ ಮೆಲ್ಕೆರ್‌ನ ತಲೆಯನ್ನು ಅದರೊಳಗೆ ತೂರಿಸಿ ಗೊಣಗು ಎಂದಳು. ಪಕ್ಕದ ಒಗೆಯುವ ಯಂತ್ರವನ್ನು ಖಾಲಿಯೇ ಓಡಿಸಿ, ಅದು ನೀರು ಹಿಂಡುವಾಗಿನ ಗುಂಯ್ ಸದ್ದನ್ನೇ ಶ್ರುತಿ ಮಾಡಿಕೊಂಡಳು. ಆ ಕೋಣೆಯ ಹಬೆ ನೋಡಿ ಅವನಿಗೆ ಡಿಮ್ಮಾ ಎಂದು ಹೆಸರಿಟ್ಟವಳೂ ಅವಳೇ. ಇವತ್ತು ಊರೂರಿನ ಹುಡುಗರು "ಡಿಮ್ಮಾ ಸೌಂಡ್" ಎಂದು ಹುಚ್ಚು ಹಿಡಿಸಿಕೊಂಡಿರುವುದು ಅದಕ್ಕೇ. ಟಿಂಡ್ರಾಳ ಮನೆಯವರು ಆ ಚಳಿಗಾಲವಿಡೀ ಕೊಳಕು ಬಟ್ಟೆಯಲ್ಲೇ ಓಡಾಡಿದರು.

೪
ಮೊದಲ ಹಾಡುಗಳನ್ನು ಇಂಟರ್‌ನೆಟ್ಟಿಗೆ ಹಾಕಿದಾಗ ಸಂಗೀತ ಯಾರದೆಂದು ಇಬ್ಬರೂ ಬರೆಯಲಿಲ್ಲ. ಹೆಸರು ಮೆರೆಸುವುದು ನಾಚಿಕೆಗೇಡು ಎಂದು ಇಬ್ಬರೂ ಒಪ್ಪಿದ್ದರು. ಇಲ್ಲಿ ಎದೆ ತಟ್ಟಿಕೊಳ್ಳುವುದಕ್ಕಿಂತ ದೊಡ್ಡ ಅಸಹ್ಯವಿಲ್ಲ. ಕ್ಲಾಸಿಗೇ ಮೊದಲು ಬಂದವಳೂ "ಏನೋ ಆಯ್ತು" ಎನ್ನಬೇಕು. ಆಮೇಲೆ ಕಂಪನಿ ಬಂತು, ದನಿ ಇದ್ದವನನ್ನು ಎತ್ತಿಕೊಂಡು ಹೋಯಿತು. ತನ್ನ ಹೆಸರೂ ಹಾಕಿ ಎಂದು ಟಿಂಡ್ರಾ ಕೇಳಲಿಲ್ಲ, ಏಕೆಂದರೆ ಕೇಳುವುದೂ ಎದೆ ತಟ್ಟಿಕೊಂಡ ಹಾಗೆಯೇ. ಅವನೂ ಹೇಳಲಿಲ್ಲ. ಈ ಸೌಂಡ್ ಯಾರದು ಎಂದು ರೇಡಿಯೋದವರು ಕೇಳಿದಾಗ ನಾಚಿಕೊಂಡು, ಯಾರದೂ ಅಲ್ಲ, ತಾನಾಗೇ ಆಯ್ತು ಎಂದ. ಎಂಥಾ ವಿನಯ ಎಂದು ಪತ್ರಿಕೆಗಳು ಕರಗಿ ನೀರಾದವು. ನಾನು ಕಾಫಿ ಕಪ್ಪನ್ನು ಸಿಂಕಿಗೆ ಎಸೆದೆ. ಇಂಥ ವಿನಯಕ್ಕೆ ಬೆಂಕಿ ಬೀಳಲಿ.

ಈಗ ಟಿಂಡ್ರಾ ತನ್ನದೇ ಆಲ್ಬಮ್ ಮಾಡಿದ್ದಾಳೆ. ಕೇಳಿದ ಕಂಪನಿಯವರೆಲ್ಲ ಒಂದೇ ಮಾತು ಹೇಳಿ ವಾಪಸು ಕಳಿಸುತ್ತಿದ್ದಾರೆ: ಚೆನ್ನಾಗಿದೆ, ಆದರೆ ಡಿಮ್ಮಾನ ನಕಲು.

೫
ಇಲ್ಲಿ ಮೆಲ್ಕೆರ್ ಕಥೆಯೊಳಗಿಂದ ತಲೆ ಎತ್ತಿದ.
"ನಾನೇ ಮಾಡಿದ್ದು ಅಂತ ಒಂದು ಸಲನಾದ್ರೂ ಅಂದಿದ್ದೀನಾ? ತೋರಿಸು ನೋಡೋಣ."
(ಈ ದೇಶದಲ್ಲಿ ಪ್ರಧಾನಿಯನ್ನೂ ನೀನು ಎನ್ನುತ್ತಾರೆ, ಲೇಖಕಿಯನ್ನೂ ನೀನು ಎನ್ನುತ್ತಾರೆ. ನನ್ನ ಸಿಟ್ಟು ಅದಕ್ಕಲ್ಲ.)
"ಅವಳು ಮಾಡಿದ್ದು ಅಂತಲೂ ಅನ್ನಲಿಲ್ವಲ್ಲೋ."
"ಎಲ್ಲರ ಮುಂದೆ ಹೊಗಳಿದ್ರೆ ಅವಳಿಗೇ ಮುಜುಗರ."
"ಓಹೋ. ಅವಳಿಗೆ ಮುಜುಗರ ಆಗಬಾರದು ಅಂತ ನೀನೊಬ್ಬನೇ ಪ್ರಪಂಚ ಸುತ್ತಿ ಬಂದೆ, ಪಾಪ."
ಅವನು ಮುಖ ಊದಿಸಿಕೊಂಡು ಮೂರನೇ ಭಾಗಕ್ಕೆ ವಾಪಸು ಹೋದ. ಅಲ್ಲಿ ಅವನ ತಲೆ ಇನ್ನೂ ಯಂತ್ರದೊಳಗಿದೆ. ಬಾಗಿಲು ಹಾಕಿ ಗುಂಡಿ ಒತ್ತೋಣ ಅನ್ನಿಸಿತು. ಒತ್ತಲಿಲ್ಲ, ನಾನು ಸಭ್ಯಸ್ಥೆ.

೬
ಅಂತ್ಯ ಒಂದು: ಗೊಥೆನ್‌ಬರ್ಗಿನ ಬೇಸಿಗೆ ಉತ್ಸವ. ಮೆಲ್ಕೆರ್ ವೇದಿಕೆಯಿಂದ ಅವಳ ಹೆಸರು ಹೇಳುತ್ತಾನೆ. ಚಪ್ಪಾಳೆ. ಅವಳು ಅಳುತ್ತಾಳೆ. ಅಪ್ಪುಗೆ.
ಟಿಂಡ್ರಾ ಓದಿ ಹಾಳೆಯನ್ನು ನನ್ನ ಮುಂದೆ ತಳ್ಳಿದಳು. ತಾನ್ಯಾಕೆ ಅಳಬೇಕು, ಬೇಕಾದರೆ ಅವನು ಅಳಲಿ ಎಂದಳು.

ಅಂತ್ಯ ಎರಡು: ಅವಳು ವೇದಿಕೆಯ ಹಿಂದೆ ನುಗ್ಗಿ ವೈರು ಕಿತ್ತು ಬಿಸಾಡುತ್ತಾಳೆ. (ಇದು ನನಗೆ ಬಹಳ ಇಷ್ಟವಾಗಿತ್ತು.)
"ಅದು ನನ್ನ ಸೌಂಡು. ನಾನೇ ಯಾಕೆ ನಿಲ್ಲಿಸಲಿ? ನಿನಗೆ ತಲೆ ಕೆಟ್ಟಿದೆಯಾ?"
ಮತ್ತೇನು ಬೇಕು ಮಾರಾಯ್ತಿ ಎಂದು ನಾನೂ ರೇಗಿದೆ. ಅವಳು ಸ್ವಲ್ಪ ಹೊತ್ತು ಉಗುರು ಕಚ್ಚಿದಳು.
"ನನ್ನದನ್ನೇ ನಾನು ಕದ್ದೆ ಅಂತ ಯಾರೂ ಅನ್ನಬಾರದು. ಅಷ್ಟೇ. ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ಅವನೇ ಬಾಯಿ ಬಿಡಬೇಕು."

೭
ಹಾಗಾದರೆ ಸರಿ. ಗೊಥೆನ್‌ಬರ್ಗ್, ಮಧ್ಯಾಹ್ನ, ಚುರುಗುಟ್ಟುವ ಬಿಸಿಲು. ಟಿಂಡ್ರಾ ಜನರ ನಡುವೆ ಕೈಕಟ್ಟಿ ನಿಂತಿದ್ದಾಳೆ. ನಿರೂಪಕಿ ಅದೇ ಹಳೆಯ ಪ್ರಶ್ನೆ ಕೇಳುತ್ತಾಳೆ: ಈ ಸೌಂಡ್ ಯಾರದು? ಮೆಲ್ಕೆರ್ ಮೈಕನ್ನು ಬಾಯಿಯ ಹತ್ತಿರ ತರುತ್ತಾನೆ. ತುಟಿ ತೆರೆಯುತ್ತಾನೆ. ಮತ್ತೆ ಅದೇ ನಾಚಿಕೆಯ ನಗು ಬರುವ ಹಾಗಿದೆ. ಇಲ್ಲಿಗೆ ನಾನು ಬರೆಯುವುದನ್ನು ನಿಲ್ಲಿಸಿದೆ.

ಮುಂದೆ ಬರಿ, ಜನ ಕಾಯುತ್ತಿದ್ದಾರೆ ಎಂದು ಅವನು ಪಿಸುಗುಟ್ಟಿದ. ಕಾಯಲಿ. ಕೈ ನೋಯುತ್ತಿದೆ ಎಂದ. ನೋಯಲಿ. (ಓದುಗರೇ, ನೀವೂ ಗೊಣಗಬೇಡಿ. ಅಂತ್ಯ ಬೇಕಿದ್ದರೆ ಅವನನ್ನೇ ಕೇಳಿ.)
"ಏನಾದ್ರೂ ಬರೆದುಬಿಡು. ನೀನು ಬರೆದಿದ್ದನ್ನೇ ಹೇಳ್ತೀನಿ."
"ನಾನು ಬರೆದ್ರೆ ಅದು ನನ್ನ ಮಾತಾಗತ್ತೆ. ಬಾಯಿ ನಿಂದು."
ಅವನು ಜನರತ್ತ ನೋಡಿದ. ಟಿಂಡ್ರಾ ಅವನಿಂದ ಕಣ್ಣು ಕೀಳಲಿಲ್ಲ.
"ಎರಡೇ ಅಕ್ಷರದ ಹೆಸರು ಕಣೋ," ಎಂದೆ. "ಹೇಳು."