ಮಂಕಾದ ಹುಡುಗನಿಗೆ ಕೋವಿ

ಜಿಂಕೆ ಬೇಟೆ ಶುರುವಾಗುವ ವಾರ ನಮ್ಮೂರಿನ ಅಡುಗೆಮನೆಗಳಿಗೆಲ್ಲ ಒಂದೇ ವಾಸನೆ: ಹುರಿದ ಈರುಳ್ಳಿ, ಬೇಯುವ ಮಾಂಸ, ಕೋವಿಗೆ ಹಚ್ಚುವ ಎಣ್ಣೆ. ಆ ಬುಧವಾರ ಸಂಜೆ ಲಾಹ್ಟಿಯವರ ಮನೆಯಲ್ಲೂ ಅದೇ. ಗಂಡಸರು ಶನಿವಾರ ಕಾಡಿನ ಗುಡಿಸಲಿಗೆ ಒಯ್ಯಲೆಂದು ರೊಂಡಾ ಹಿಟ್ಟು ಲಟ್ಟಿಸಿ, ಮಾಂಸ, ಆಲೂಗಡ್ಡೆ ತುಂಬಿ ಪ್ಯಾಸ್ಟಿ ಎಂಬ ಕಡುಬು ಮಡಚುತ್ತಿದ್ದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅವಳ ಮಾವ, ಮುದುಕ ಆರ್ವೋ, ಹೊಸ ಕೋವಿಯ ಮರದ ಹಿಡಿಯ ಮೇಲೆ ಕಾದ ಕಂಬಿಯಿಂದ ಮೊಮ್ಮಗನ ಹೆಸರು ಬರೆಯುತ್ತಿದ್ದ. ಮರ ಸುಟ್ಟ ಹೊಗೆ ಹಿಟ್ಟಿನ ಮೇಲೆ ಇಳಿಯುತ್ತಿತ್ತು.

"ಮಾವ, ಈ ಸಲ ಬೇಡ. ವೆಸ್ಲಿ ಸರಿಯಿಲ್ಲ. ಮುಂದಿನ ವರ್ಷ ಕೊಡಿ."

"ಹದಿನಾರು ತುಂಬ್ತು ಅವನಿಗೆ. ಇನ್ನೇನು, ಅವನ ಮದುವೆ ದಿನ ಕೊಡ್ಲಾ? ಆಮೇಲೆ ಕೋವಿ ಹಿಡಿಯೋಕೆ ಹೆಂಡ್ತಿ ಬಿಡಬೇಕಲ್ಲ!"

ಅವಳ ಗಂಡ ಡ್ವೇನ್ ನಕ್ಕ. ರೊಂಡಾ ನಗಲಿಲ್ಲ.

ಶಾಲೆ ಶುರುವಾದ ಹೊಸದರಲ್ಲೇ ವೆಸ್ಲಿ ಅಲ್ಲಿನ ಬಚ್ಚಲಲ್ಲಿ ಅಳುತ್ತಿದ್ದದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಇಡೀ ಶಾಲೆಗೆ ಹಂಚಿದ್ದರು. ಅಂದಿನಿಂದ ಹುಡುಗ ಊಟಕ್ಕೆ ಒಬ್ಬನೇ ಕೂತ. ಆಮೇಲೆ ಊಟವನ್ನೇ ಬಿಟ್ಟ. ಅವನನ್ನು ವೈದ್ಯರಿಗೆ ತೋರಿಸಿ ಎಂದು ಟೀಚರ್ ಫೋನ್ ಮಾಡಿದರು. "ಒಂದು ಜಿಂಕೆ ಹೊಡೆದ್ರೆ ಎಲ್ಲ ಸರಿಹೋಗುತ್ತೆ" ಎಂದು ಡ್ವೇನ್ ಫೋನಿಟ್ಟ. ನಮ್ಮಲ್ಲಿ ಇದೇ ಔಷಧಿ. ಹುಡುಗ ಸೋತರೆ ಕೋವಿ, ಮಾತು ಬಿಟ್ಟರೆ ಕೋವಿ, ಪ್ರೀತಿಸಿದ ಹುಡುಗಿ ಕೈಬಿಟ್ಟರೂ ಕೋವಿ. ಕಣ್ಣೀರು ಬರಿಸಿದವರನ್ನು ಕೇಳುವ ಧೈರ್ಯ ನಮಗಿಲ್ಲ. ಅತ್ತವನ ಕೈಗೆ ಸಾವನ್ನು ಕೊಟ್ಟು 'ಗಂಡಸಾಗು' ಎನ್ನುವ ಧೈರ್ಯ ಮಾತ್ರ ಬೇಕಾದಷ್ಟಿದೆ.

ಅಷ್ಟರಲ್ಲಿ ಚಿಕ್ಕವಳು ಜೂನಿ ಬಂದು ತಾಯಿಯ ಸೆರಗಿನಂತಿದ್ದ ಏಪ್ರನ್ ಎಳೆದಳು. ಅವಳದೂ ಅಣ್ಣನದೂ ಒಂದೇ ಶಾಲೆ, ಒಂದೇ ಕಟ್ಟಡ.

"ಅಮ್ಮ, ಶುಕ್ರವಾರ ನಂಗೆ ಹೊಟ್ಟೆನೋವು ಬರುತ್ತೆ."

"ಅಯ್ಯೋ ಕಳ್ಳಿ, ಈಗಲೇ ಗೊತ್ತಾಗಿಹೋಯ್ತಾ?"

"ಅಣ್ಣ ಹೇಳಿದ. ಹೊಟ್ಟೆನೋವು ಅಂತ ಹೇಳಿ ಮನೇಲೇ ಇರು, ಸ್ಕೂಲಿಗೆ ಬರ್ಲೇಬೇಡ, ಯಾರಿಗೂ ಹೇಳ್ಬೇಡ ಅಂದ. ಅಮ್ಮ, ಸುಳ್ಳು ಹೊಟ್ಟೆನೋವು ಹೇಗೆ ಬರಿಸ್ಕೊಳ್ಳೋದು?"

ರೊಂಡಾಳ ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. ಅವಳು ಮಗಳನ್ನು ಪಕ್ಕದ ಕೋಣೆಗೆ ಕಳಿಸಿದಳು. ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿ ಕೋವಿ ಬೀರುವಿನ ಕೀಲಿ ತೂಗುತ್ತಿತ್ತು. ಬೀರುವಿಗೆ ಬೀಗ ಇರಲೇಬೇಕು ಎಂದು ಕಾನೂನು ಹೇಳಿತ್ತು, ಬೀಗವಿತ್ತು. ಕೀಲಿ ಎಲ್ಲಿದೆ ಎಂಬುದು ಮಾತ್ರ ಮನೆಯ ನಾಯಿಗೂ ಗೊತ್ತಿತ್ತು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡಳು.

"ಇದೇನು ಹೊಸ ನಾಟಕ?" ಎಂದ ಡ್ವೇನ್.

"ಕೇಳಿಸ್ಲಿಲ್ವಾ ಮಗು ಹೇಳಿದ್ದು? ಶುಕ್ರವಾರ ಅವನು ಏನೋ ಮಾಡ್ಬೇಕು ಅಂದ್ಕೊಂಡಿದ್ದಾನೆ. ಪೊಲೀಸರಿಗೆ ಹೇಳ್ಬೇಕು, ಕೋರ್ಟಿಂದ ಆಜ್ಞೆ ತರ್ಬೇಕು. ಈ ಕೋವಿಗಳು ಮನೆ ಬಿಡ್ಬೇಕು."

ಆರ್ವೋ ಕಂಬಿಯನ್ನು ಕೆಳಗಿಟ್ಟ. "ನಾನು ಹುಡುಗ ಆಗಿದ್ದಾಗ ಕೋವಿ ಹೊತ್ಕೊಂಡೇ ಸ್ಕೂಲಿಗೆ ಹೋಗ್ತಿದ್ದೆ. ಮೇಷ್ಟ್ರ ಕುರ್ಚಿ ಹಿಂದೆ ಒರಗಿಸ್ತಿದ್ವಿ. ಯಾರು ಸತ್ರು ಹೇಳು?"

"ನೀವು ಸಂಜೆ ಮೊಲ ಹೊಡೆಯೋಕೆ ಹೋಗ್ತಿದ್ರಿ ಮಾವ. ಇವನಿಗೆ ಯಾರನ್ನ ಹೊಡೀಬೇಕಾಗಿದೆ ಅಂತ ಒಂದಿನ ಕೇಳಿದ್ರಾ?"

"ಬಾಯಿ ಬಿಗಿ ಹಿಡಿ!" ಡ್ವೇನ್ ಮೇಜು ಕುಟ್ಟಿದ. "ಪೊಲೀಸ್ ಅಂದ್ರೆ ಅವನ ಜೀವನ ಮುಗೀತು. ಕೊಲ್ಲೋದು ಕೋವಿಯಲ್ಲ, ಕೊಲ್ಲೋದು ಕೆಟ್ಟ ಮನಸ್ಸು. ನನ್ನ ಮಗ ಕೆಟ್ಟವನಾ?"

"ಕೆಟ್ಟವನಲ್ಲ. ನೊಂದಿದ್ದಾನೆ. ನೊಂದ ಹುಡುಗ ಬಾಗಿಲು ಒದೀಲಿ, ತಟ್ಟೆ ಒಡೀಲಿ, ನನಗೆ ಬೈಲಿ. ಅದೆಲ್ಲ ಮಾರನೇ ದಿನ ಸರಿಮಾಡಬಹುದು ಡ್ವೇನ್. ನೀನು ಕುಡಿದು ಬಂದ ದಿನ ನಿನ್ನ ಕಾರಿನ ಕೀಲಿ ಕಿತ್ಕೊಂಡವರು ಯಾರು? ಇದೇ ನಿನ್ನಪ್ಪ. ಆಗ ನೀನೇನು ಕೊಲೆಗಾರನಾಗಿದ್ಯಾ?"

ಡ್ವೇನ್ ತಂದೆಯ ಕಡೆ ನೋಡಿದ. ಮುದುಕ ಕೋವಿಯ ಹಿಡಿಯ ಮೇಲಿನ ಬೂದಿ ಊದಿದ.

"ಶನಿವಾರ ಕಾಡಲ್ಲಿ ನಾನೇ ಮಾತಾಡ್ತೀನಿ ಅವನ ಹತ್ರ" ಎಂದ ಡ್ವೇನ್, ದನಿ ತಗ್ಗಿಸಿ.

"ಶನಿವಾರಕ್ಕಿಂತ ಮುಂಚೆ ಶುಕ್ರವಾರ ಬರುತ್ತೆ."

"ಸರ್ಕಾರದವರು ಒಂದ್ಸಲ ಹೊಸ್ತಿಲು ದಾಟಿದ್ರೆ ವಾಪಸ್ ಹೋಗಲ್ಲ. ಹೆತ್ತ ಮಗನ ಮೇಲೆ ಕೋರ್ಟಿಗೆ ಹೋಗೋ ತಾಯಿ ಇರ್ತಾಳಾ ಪ್ರಪಂಚದಲ್ಲಿ?"

"ಇರ್ತಾಳೆ. ನಾಳೆ ಬೆಳಿಗ್ಗೆ ಹೋಗ್ತಾಳೆ."

ಗುರುವಾರ ಅವಳು ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸಲಿಲ್ಲ. ಜೂನಿಯನ್ನು ತಂಗಿಯ ಮನೆಯಲ್ಲಿ ಬಿಟ್ಟಳು. ವೆಸ್ಲಿಯನ್ನು ಕಣ್ಣ ಮುಂದಿನಿಂದ ಬಿಡಬೇಡ ಎಂದು ಗಂಡನಿಗೆ ಹೇಳಿ ನ್ಯಾಯಾಲಯಕ್ಕೆ ಹೋದಳು. ನ್ಯಾಯಾಧೀಶೆಯ ಮುಂದೆ ಮಗನ ಹೆಸರನ್ನು ಅರ್ಧಕ್ಕೇ ನಿಲ್ಲಿಸಿದಳು. ನೀರು ಕುಡಿದು ಮತ್ತೆ ಹೇಳಿದಳು. ಹುಡುಗನ ಕೈಗೆ ಸಿಗುವಂಥ ಯಾವ ಬಂದೂಕೂ ಆ ಮನೆಯಲ್ಲಿ ಇರಕೂಡದು ಎಂದು ಆಜ್ಞೆಯಾಯಿತು.

ಮಧ್ಯಾಹ್ನ ಶೆರಿಫ್ ಕಚೇರಿಯ ಪೊಲೀಸ್ ಗ್ಲೆನ್ ಜತೆಗೊಬ್ಬನನ್ನು ಕರೆದುಕೊಂಡು ಬಂದ. ಗ್ಲೆನ್ ಡ್ವೇನನ ಜತೆ ಪ್ರತಿವರ್ಷ ಬೇಟೆಗೆ ಹೋಗುವವನೇ. ಆರ್ವೋ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದ.

"ಬಾರಪ್ಪ ಬಾ. ನನ್ನ ಪ್ಯಾಸ್ಟಿ ತಿಂದ ಬಾಯಿ ಇದು. ಈಗ ನನ್ನ ಕೋವಿ ತಿನ್ನೋಕೆ ಬಂದ್ಯಾ?"

"ನಾನೂ ಶನಿವಾರ ಕಾಡಿಗೆ ಹೋಗೋನೇ ಆರ್ವೋ. ನಂಗೆ ಖುಷಿ ಅಂದ್ಕೊಂಡ್ರಾ? ಸ್ವಲ್ಪ ಪಕ್ಕಕ್ಕೆ ಬನ್ನಿ."

ರೊಂಡಾ ಜೇಬಿನಿಂದ ಕೀಲಿ ತೆಗೆದುಕೊಟ್ಟಳು. ಕೋವಿಗಳು ಒಂದೊಂದಾಗಿ ಹೊರಬಂದವು. ಒಂದೊಂದು ಕೋವಿಯ ಹೆಸರು ಹೇಳಿ ಗ್ಲೆನ್ನನನ್ನು ಶಪಿಸುತ್ತಿದ್ದ ಆರ್ವೋ ಇದ್ದಕ್ಕಿದ್ದಂತೆ ಸುಮ್ಮನಾದ. ಬೀರುವಿನ ಕೆಳಗಿನ ಖಾನೆಯಲ್ಲಿ ಕೈಯಾಡಿಸಿದ. ಮತ್ತೆ ಆಡಿಸಿದ.

"ನನ್ನ ಪಿಸ್ತೂಲು?"

"ಎಲ್ಲೋ ಇಟ್ಟು ಮರೆತಿರ್ತೀಯ ಅಪ್ಪ" ಎಂದ ಡ್ವೇನ್.

"ಮರೀತೀನಾ? ಇಲ್ಲೇ ಇತ್ತು ಕಣೋ. ಗುಂಡುಗಳ ಪೆಟ್ಟಿಗೆನೂ ಇಲ್ಲ."

ಗ್ಲೆನ್‌ನ ಕೈ ತನ್ನ ಸೊಂಟದ ಕಡೆ ಹೋಯಿತು. ಮಹಡಿ ಮೆಟ್ಟಿಲ ಮೇಲೆ ಕೂತಿದ್ದ ವೆಸ್ಲಿ ಎರಡು ಅಂಗೈಗಳನ್ನೂ ಮುಂದೆ ಚಾಚಿದ.

"ನನ್ನ ಬ್ಯಾಗಲ್ಲಿದೆ" ಎಂದ. "ಸ್ಕೂಲ್ ಬ್ಯಾಗಲ್ಲಿ. ಅಮ್ಮ, ನೀನೇ ತೆಗೆದ್ಬಿಡು. ನಾನು ಅದನ್ನ ಮುಟ್ಟಲ್ಲ."

ರೊಂಡಾ ಮೆಟ್ಟಿಲು ಹತ್ತಿ ಮಗನನ್ನು ತಬ್ಬಿ ಹಿಡಿದಳು. ಗ್ಲೆನ್ ಮೇಲಿನ ಕೋಣೆಗೆ ಹೋಗಿ ಇಳಿದು ಬಂದಾಗ ಅವನ ಕೈಯಲ್ಲಿ ಪಿಸ್ತೂಲೂ ಗುಂಡುಗಳ ಪೆಟ್ಟಿಗೆಯೂ ಇದ್ದವು. ಹುಡುಗನನ್ನು ಇವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿಯೂ ಜತೆಯಲ್ಲಿ ಬರಬಹುದು ಎಂದ.

ಡ್ವೇನ್ ಗೋಡೆ ಹಿಡಿದು ನಿಂತಿದ್ದ. "ಗ್ಲೆನ್, ಕಾಡಿನ ಗುಡಿಸಲಲ್ಲೂ ಕೋವಿ ಇವೆ. ಹಲಗೆ ಕೆಳಗೆ. ವೆಸ್ಲಿಗೆ ಗೊತ್ತು ಆ ಜಾಗ. ಬಾ, ನಾನೇ ತೋರಿಸ್ತೀನಿ."

ಆರ್ವೋ ಖಾಲಿ ಬೀರುವಿನ ಮುಂದೆ ಕುಸಿದು ಕೂತ. "ನಾಳೆ ಈ ಊರಿಗೆ ಏನಂತ ಮುಖ ತೋರಿಸ್ಲಿ ರೊಂಡಾ?"

ಮಗನಿಗೆ ಕೋಟು ತೊಡಿಸುತ್ತಿದ್ದ ರೊಂಡಾ ತಿರುಗಿ ನೋಡಿದಳು.

"ತೋರಿಸಿ ಮಾವ. ನಾಳೆ ಶುಕ್ರವಾರ. ಬೆಳಿಗ್ಗೆ ಶಾಲೆ ಗೇಟಿನ ಹತ್ರ ಹೋಗಿ ನಿಂತ್ಕೊಳ್ಳಿ. ಒಳಗೆ ಹೋಗೋ ಒಂದೊಂದು ಮಗುಗೂ ಮುಖ ತೋರಿಸಿ. ಸಂಜೆ ಅವೆಲ್ಲ ಹೊರಗೆ ಬರ್ತವೆ, ಆಗ್ಲೂ ಅಲ್ಲೇ ಇರಿ."