ಅಬಲೂರಿನ ಬೀಸುಕಲ್ಲುಗಳು

ಹೊಟ್ಟು ಮತ್ತೆ ಕಲ್ಲಿನ ಸುತ್ತ ಉದುರಿತು. ಗುತ್ತೆವ್ವ ಅದನ್ನೇ ಅಂಗೈಯಿಂದ ಬಳಿದು, ಬೀಸುಕಲ್ಲಿನ ಬಾಯಿಗೆ ಸುರಿದು, ಗೂಟ ಹಿಡಿದು ತಿರುಗಿಸಿದಳು. ಬರಿಗಲ್ಲು ತಿರುಗಿಸಿದರೆ ಸದ್ದು ಒರಟಾಗಿ ಕೇಳುತ್ತದೆ, ಓಣಿಗೆಲ್ಲ ತಿಳಿದುಬಿಡುತ್ತದೆ. ಹೊಟ್ಟು ಹಾಕಿದರೆ ಜೋಳ ಬೀಸಿದ ಹಾಗೆಯೇ.

ಯುದ್ಧದ ವರ್ಷಗಳು. ಸರಕಾರ ಕಡ್ಡಾಯ ಮಾಡಿದ ಲೆವಿಗೆ ಕಾಳು ಅಳೆದುಕೊಟ್ಟ ಮೇಲೆ, ಉಳಿದದ್ದನ್ನು ಕೂಡಿಡುವ ನೆಲದೊಳಗಿನ ಹಗೇವು ಬೇಗ ಬರಿದಾಗಿತ್ತು. ಆದರೆ ಅಬಲೂರಿನಲ್ಲಿ ನಸುಕಿಗೆ ಕಲ್ಲು ಸುಮ್ಮನಿತ್ತೆಂದರೆ ಆ ಮನೆಯಲ್ಲಿ ಕಾಳಿಲ್ಲವೆಂದೇ ಅರ್ಥ. ಅತ್ತೆ ಸಾಯುವ ತನಕ ಕಾಯ್ದುಕೊಂಡು ಬಂದ ಮರ್ಯಾದೆ ಅದು. ಓಣಿಯ ಮೊದಲ ಮನೆ ಗುತ್ತೆವ್ವನದು. ಅವಳ ಕಲ್ಲು ಶುರುವಾದ ಮೇಲೆಯೇ ಗೋಡೆಯಾಚೆ ಉಡಚವ್ವನದು, ಆಮೇಲೆ ಉಳಿದವರದು.

ಬಾವಿಯ ಹತ್ತಿರ ಉಡಚವ್ವ ಸಿಕ್ಕಳು.

"ಏನಬೇ ಗುತ್ತೆವ್ವ, ದಿನಾ ಅಷ್ಟು ಬೀಸ್ತೀಯಲ್ಲ, ಗಂಡಗ ಉಣಿಸಿ ಉಣಿಸಿ ಗೂಳಿ ಮಾಡಾಕತ್ತೀಯೇನು?"

"ನಿನ್ನ ಕಲ್ಲರ ಎಲ್ಲಿ ಸುಮ್ಮನಿರತೈತಿ ತಾಯಿ!"

ಇಬ್ಬರೂ ನಕ್ಕರು. ಉಡಚವ್ವ ಹಗ್ಗ ಎಳೆಯಲು ಕೈಯೆತ್ತಿದಾಗ ಅವಳ ಬಳೆಗಳು ಮೊಣಕೈವರೆಗೂ ಜಾರಿದವು. ಗುತ್ತೆವ್ವ ಬೇರೆ ಕಡೆ ನೋಡಿದಳು.

ಹಿಂದಿನ ದಿನ ಹಿರೇಕೆರೂರಿನಿಂದ ಬಂದಿದ್ದ ಸರಕಾರದ ಸಾಹೇಬರು ಊರ ಗಂಡಸರನ್ನು ಚಾವಡಿಗೆ ಕರೆಸಿದ್ದರು. ಮಧ್ಯಾಹ್ನ ಗಂಡ ಉಳಿವೆಪ್ಪ ಅಲ್ಲಿಂದ ಬಂದವನೇ ಕಟ್ಟೆಗೆ ಒರಗಿ ಕೂತ.

"ಸಾಹೇಬ್ರು ಏನಂದ್ರು?"

"ಈ ವರ್ಷ ಸರಕಾರ ಸಣ್ಣ ಹೊಲದವರಿಗಂತ ರೊಕ್ಕ ತಗದಿಟ್ಟೈತಂತ. ಅಗ್ಗದ ಜ್ವಾಳದ ಅಂಗಡಿ ತೆರೀತಾರಂತ. ಎಲ್ಲಾ ಊರಿಗೂ ಸಾಲೂದಿಲ್ಲ, ಹಸಿವು ಹೆಚ್ಚಿದ್ದ ಊರಿಗೆ ಮೊದಲು."

"ಹಂಗಾರ ನಮಗ ಬರತೈತಿ."

"ಎಲ್ಲಿ ಬರತೈತಿ! ನಸುಕಿನ್ಯಾಗ ಚಾವಡ್ಯಾಗ ಮಲಗಿದ್ರಲ್ಲ, ನಿಮ್ಮ ಊರ ಕಲ್ಲಿನ ಸದ್ದಿಗೆ ನಿದ್ದಿ ಹತ್ತಲಿಲ್ಲ ಅಂದ್ರು. ಮನಿಮನ್ಯಾಗ ಬೀಸೂ ಊರಿಗೆ ಅಂಗಡಿ ಯಾಕಪ್ಪ ಅಂತ ನಕ್ರು."

"ಯಾರೂ ಬಾಯಿ ತಗೀಲಿಲ್ಲೇನ್ರಿ?"

"ಏನಂತ ತಗಿಯೂದು? ನಮ್ಮ ಮನ್ಯಾಗ ಕಾಳಿಲ್ಲ ಅಂತ ಹತ್ತು ಮಂದ್ಯಾಗ? ಎಲ್ಲಾರೂ ಮೀಸಿ ತೀಡಿಕೊಂಡು ಹೌದ್ರಿ ಸಾಹೇಬ್ರ ಅಂದ್ವಿ. ಇನ್ನೊಂದು ರಾತ್ರಿ ಇದ್ದು, ನಾಳೆ ಹೊತ್ತೇರಿದ ಮ್ಯಾಲೆ ಹಿರೇಕೆರೂರಿಗೆ ಹೋಗಿ, ಯಾವ ಊರಿಗೆ ಅಂಗಡಿ ಅಂತ ಬರಕೊಡ್ತಾರಂತ."

ಒಳಗೆ ಸೊಸೆಯ ಕೂಸು ಅಳತೊಡಗಿತು. ಮೊಲೆ ಬಾಯಿಗಿಟ್ಟರೂ ಅಳು ನಿಲ್ಲಲಿಲ್ಲ. ಉಳಿವೆಪ್ಪ ತಲೆ ತಗ್ಗಿಸಿದ.

"ಬಿತ್ತಿಗಿ ಗಡಿಗಿ ಬಿಚ್ಚು. ಬಾಣಂತಿ ಉಪವಾಸ ಇದ್ರ ಹೆಂಗ?"

ಮೂಲೆಯಲ್ಲಿ ಬೂದಿ ಬೆರೆಸಿ, ಬಾಯಿಗೆ ಸಗಣಿ ಮೆತ್ತಿದ ಗಡಿಗೆಯಿತ್ತು. ಬಿತ್ತುವ ಜೋಳ. ಮನೆಯಲ್ಲಿ ಉಳಿದದ್ದು ಅದೊಂದೇ.

"ಅದನ್ನ ಉಂಡು ಹೊಲಕ್ಕ ಏನು ಹಾಕೂದ್ರಿ?"

"ಮಣ್ಣು."

"ಮಣ್ಣು ಅಲ್ಲೇ ಐತಿ. ಗಡಿಗಿ ಮುಟ್ಟಬ್ಯಾಡ್ರಿ," ಎಂದಳು. ಸೊಸೆಗೆ ಹುಣಸೆಬೀಜದ ಹಿಟ್ಟಿನ ಗಂಜಿ ಕಾಸಿ ಕೊಟ್ಟು, ಅವಳು ಕುಡಿದು ಮುಗಿಸುವವರೆಗೂ ಎದುರಿಗೇ ಕೂತಳು.

ಸಂಜೆ ಕಸ ಗುಡಿಸುತ್ತ ಬೀಸುಕಲ್ಲಿನ ಹತ್ತಿರ ನಿಂತಳು. ಸಾಹೇಬರದು ಸುಳ್ಳಲ್ಲ, ಅವರು ಕೇಳಿದ್ದನ್ನೇ ಹೇಳಿದ್ದಾರೆ. ಕೇಳಿಸಿದವಳು ತಾನು. ತನಗೆ ಹೆದರಿ ಉಡಚವ್ವ ಬೀಸುತ್ತಾಳೆ, ಉಡಚವ್ವನಿಗೆ ಹೆದರಿ ಆಚೆ ಮನೆಯವಳು. ನಾಳೆ ನಸುಕಿಗೆ ತನ್ನ ಕಲ್ಲು ಸುಮ್ಮನಿದ್ದರೆ ಬಾವಿಯ ಹತ್ತಿರ ಮೊದಲ ಮಾತು ತನ್ನ ಮೇಲೆಯೇ ಬರುತ್ತದೆ. ಉಡಚವ್ವ ನಗಬಹುದು. ಇಲ್ಲವೆ ಅವಳೂ ಕಲ್ಲು ಬಿಟ್ಟು, ನಿರಾಳವಾಗಿ ಮಲಗಬಹುದು. ಸತ್ತ ಅತ್ತೆಯ ಮುಖ ನೆನಪಾಯಿತು. ಕೂಸಿನ ದನಿ ಅದಕ್ಕಿಂತ ಹತ್ತಿರವಿತ್ತು.

ಗುತ್ತೆವ್ವ ಗೂಟವನ್ನು ಅಲ್ಲಾಡಿಸಿ ಕಿತ್ತಳು.

"ಯಾಕ, ಏನಾತು ಅದಕ್ಕ?" ಉಳಿವೆಪ್ಪ ಕೇಳಿದ.

"ಸಡಲಾಗೈತ್ರಿ," ಎಂದು ಅದನ್ನು ಅಟ್ಟದ ಮೇಲೆ, ಕೈಗೆ ಸುಲಭವಾಗಿ ಸಿಗದಷ್ಟು ಒಳಗೆ ತಳ್ಳಿದಳು. ಹೊಟ್ಟನ್ನು ಎತ್ತಿನ ಮುಂದೆ ಸುರಿದು ಬಂದು ಮಲಗಿದಳು.