ಸಪೋಸ್ ಮಾಷ್ಟ್ರ ಸ್ವರ

ತಿರುಮಲೇಶ್ವರ ಮಾಷ್ಟ್ರ ಸ್ವರವನ್ನು ಶ್ಯಾಮ ಹದಿನಾಲ್ಕನೆಯ ವಯಸ್ಸಿನಲ್ಲೇ ಕದ್ದಿದ್ದ. ಪುತ್ತೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದ ಅವರು, ಒಂದು ವಾಕ್ಯಕ್ಕೆ ಹೊರಡುವ ಮೊದಲು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಗಂಟಲಲ್ಲಿ ಸಣ್ಣದೊಂದು ಗುರುಗುರು ಮಾಡಿ, 'ಐ ಸಪೋಸ್' ಎನ್ನುತ್ತಿದ್ದರು. ಮಕ್ಕಳ ಬಾಯಲ್ಲಿ ಅವರ ಹೆಸರೇ ಸಪೋಸ್ ಮಾಷ್ಟ್ರು.

ಇಂಗ್ಲಿಷಿನಲ್ಲಿ ಮರ್ಯಾದಸ್ಥರು ಯಾವುದನ್ನೂ ಗುದ್ದಿ ಹೇಳುವುದಿಲ್ಲ ಎಂಬುದು ಅವರ ಪಾಠ. ಅರ್ಧ ಪುರಾವೆ ಕೈಯಲ್ಲಿದ್ದರೆ ಸಪೋಸ್. ಪುರಾವೆ ಇಲ್ಲ, ಆಸೆ ಮಾತ್ರ ಇದ್ದರೆ ಹೋಪ್. ಹತ್ತರಲ್ಲಿ ಎಂಟು ಪಾಲು ಆಗಲಿಕ್ಕಿಲ್ಲ ಅನ್ನಿಸಿದರೆ ಡೌಟ್. ಕೆಟ್ಟದ್ದು ಆಗಿಯೇ ಹೋಗಿದೆ, ಹೇಳಲಿಕ್ಕೆ ಬಾಯಿ ಬರುವುದಿಲ್ಲ ಎಂದಾದರೆ ಐ ಆಮ್ ಅಫ್ರೇಡ್. ಹೀಗೆ ಅಫ್ರೇಡ್ ಅಫ್ರೇಡ್ ಎನ್ನುತ್ತಲೇ ಅವರು ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿದರು.

ಐವತ್ತೊಂಬತ್ತನೆಯ ಇಸವಿಯಲ್ಲಿ ಶ್ಯಾಮ ಮಂಗಳೂರಿನಿಂದ ಬಿ.ಎ. ಮುಗಿಸಿ ಕಾಣಿಯೂರಿಗೆ ಬಂದ. ಬಿ.ಎ.ಗೆ ಬೀಗ ಹಾಕಿಟ್ಟು ಒಂದು ವರ್ಷ ಕೂತದ್ದೂ ಆಯಿತು. ಅಷ್ಟರಲ್ಲಿ ಕಡಬದ ಕಡೆ ಹೊಸತೊಂದು ಹೈಸ್ಕೂಲು ಶುರುವಾಗುವುದಿತ್ತು. ಇಂಗ್ಲಿಷಿಗೆ ಜನ ಬೇಕಿತ್ತು. ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟರು ಡೊಂಬಯ್ಯ ಗೌಡರು, ಹಿಂದೆ ಮಾಷ್ಟ್ರ ಕೈಯಲ್ಲೇ ಕಲಿತವರು. ಮಾಷ್ಟ್ರ ಒಂದು ಕಾಗದ ಸಿಕ್ಕಿದರೆ ಕೆಲಸ ಆದ ಹಾಗೆಯೇ ಎಂದು ಎಲ್ಲರೂ ಹೇಳಿದರು. ಶ್ಯಾಮ ಪುತ್ತೂರಿಗೆ ಹೋಗಿ ಕಾಲಿಗೆ ಬಿದ್ದ. ಮಾಷ್ಟ್ರು ಒಳಗೆ ಕೂತು ಅರ್ಧ ಗಂಟೆ ಬರೆದು, ಲಕೋಟೆ ಅಂಟಿಸಿ ಅವನ ಕೈಯಲ್ಲೇ ಕೊಟ್ಟರು.

ಆ ಲಕೋಟೆ ಕಾಣಿಯೂರಿನ ಅಡುಗೆಮನೆಯಲ್ಲಿ ಒಂದು ರಾತ್ರಿ ತಂಗಿತು. ತಂಗಿದ್ದಷ್ಟೇ ಆಗಿದ್ದರೆ ಚಂದವಿತ್ತು. ಬೆಳಗಿನ ಚಾ ಕುದಿಯುವಾಗ ಶ್ಯಾಮ ಅದನ್ನು ಹಬೆಗೆ ಹಿಡಿದ.

ಒಳಗಿದ್ದದ್ದು ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಇವನು ಒಳ್ಳೆಯ ಅಧ್ಯಾಪಕನಾದಾನೆಂದು ಆಶಿಸುತ್ತೇನೆ. ಅದು ಅವನಿಗೇ ಇನ್ನೂ ತಿಳಿದಿಲ್ಲವೆಂದು ಊಹಿಸುತ್ತೇನೆ. ಮಕ್ಕಳಿಗೆ ಅವನು ಹಿಡಿಸದಿದ್ದರೆ ನನಗೆ ಆಶ್ಚರ್ಯವಾದೀತು. ಅವನ ನಾಲಗೆಯ ಬಗ್ಗೆ ಮಾತ್ರ ಒಂದಿಷ್ಟು ಅನುಮಾನ.

ಶ್ಯಾಮನಿಗೆ ಮೈಯೆಲ್ಲ ಉರಿಯಿತು. ಕಾಲಿಗೆ ಬಿದ್ದವನಿಗೆ ಒಂದು 'ಖಂಡಿತ' ಕೊಡಲಿಕ್ಕೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು? ಅನ್ನದ ಅಗುಳು ಹಿಸುಕಿ ಲಕೋಟೆ ಮುಚ್ಚಿದ, ಮುಖಕ್ಕೆ ನಗೆ ಅಂಟಿಸಿಕೊಂಡು ಹೋಗಿ ಗೌಡರಿಗೆ ಕೊಟ್ಟು ಬಂದ. ಗೌಡರು ಯೋಚನೆ ಮಾಡಿ ಹೇಳುತ್ತೇವೆ ಎಂದರು. ಕೆಲಸ ಹೋಯಿತೆಂದೇ ಅವನು ಲೆಕ್ಕ ಹಾಕಿದ.

ಮುಂದಿನ ಆದಿತ್ಯವಾರ ಶ್ಯಾಮನ ಸೋದರಮಾವ ರಾಧಾಕೃಷ್ಣ ಭಟ್ಟರ ಮನೆಯಲ್ಲಿ ಪೂಜೆ, ಊಟ, ಊಟದ ಮೇಲೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುವುದು, ಅರ್ಥಧಾರಿಗಳು ಎದುರು ಬದುರು ಕೂತು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಿಸುವುದು. ಪ್ರಸಂಗ ಸಂಧಾನದ್ದು. ಹಟಮಾರಿ ಅರಸ ಶ್ಯಾಮ. ಸಂಧಿಗೆ ಬರುವ ದೂತ ಬೆಳ್ಳಾರೆಯ ಚೆನ್ನಪ್ಪ.

ಊಟಕ್ಕೆ ಮಾಷ್ಟ್ರೂ ಬಂದಿದ್ದರು, ಗೌಡರೂ ಬಂದಿದ್ದರು. ಮಾಷ್ಟ್ರು ಎರಡು ಗಂಟೆಯ ಬಸ್ಸಿಗೆಂದು ಕೊಡೆ ಹಿಡಿದು ಹೊರಟದ್ದನ್ನು ಶ್ಯಾಮ ಕಣ್ಣಾರೆ ಕಂಡ. ಗೌಡರು ಚಾವಡಿಯ ಎದುರಿನ ಸಾಲಿನಲ್ಲೇ ಎಲೆಯಡಿಕೆ ಹಾಕಿಕೊಂಡು ಕೂತರು. ಹೇಗೂ ಸಿಗದ ಕೆಲಸ, ಇನ್ನು ಹೆದರಿಕೆ ಎಂತದು ಎಂದು ಶ್ಯಾಮ ತಾಳದ ಸದ್ದಿಗೆ ಮೈ ನೆಟ್ಟಗೆ ಮಾಡಿದ.

ಅರಸನ ಪೀಠಿಕೆ ಮೊದಲಾಯಿತು. ತನ್ನ ಸಭೆಗೆ ಬರಲಿರುವ ದೂತ ಎಂಥವನೆಂದು ಆಸ್ಥಾನಕ್ಕೆ ತೋರಿಸುವೆನೆಂದು ಹೇಳಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದ. ಗಂಟಲು ಗುರುಗುಟ್ಟಿತು. ಚಾವಡಿ ಅಷ್ಟಕ್ಕೇ ನಕ್ಕಿತು.

"ಐ ಸಪೋಸ್, ನಾನೇ ದೂತ. ದೂತ ಹೌದೋ ಅಲ್ಲವೋ, ಐ ಡೌಟ್. ಸಂಧಿ ಆದೀತೆಂದು ಐ ಹೋಪ್. ಆಗದಿದ್ದರೆ, ಐ ಆಮ್ ಅಫ್ರೇಡ್, ಆಗಲಿಲ್ಲ."

ನಗು ಏರಿದಷ್ಟೂ ಅವನ ನಾಲಗೆ ಉದ್ದವಾಯಿತು. ಉದ್ದವಾದ ನಾಲಗೆಗೆ ಮೇಯಲು ಸಿಕ್ಕಿದ್ದು ಆ ಕಾಗದ. ಈ ಅರಸ ಒಳ್ಳೆಯವನಾದಾನೆಂದು ಆಶಿಸುತ್ತೇನೆ, ಅದು ಅವನಿಗೇ ಇನ್ನೂ ತಿಳಿದಿಲ್ಲವೆಂದು ಊಹಿಸುತ್ತೇನೆ, ಅವನ ನಾಲಗೆಯ ಬಗ್ಗೆ ಮಾತ್ರ ಒಂದಿಷ್ಟು ಅನುಮಾನ — ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಅಧ್ಯಾಪಕನ ಜಾಗದಲ್ಲಿ ಅರಸನನ್ನು ಕೂರಿಸಿ, ಕಾಗದದ ಮಾತಿನಲ್ಲೇ ಒಪ್ಪಿಸಿದ.

ಗೌಡರ ದವಡೆ ನಿಂತಿತು. ಬಾಯಲ್ಲಿ ಎಲೆಯಡಿಕೆ ಹಾಗೆಯೇ ಇತ್ತು. ಅವರು ಶ್ಯಾಮನನ್ನು ನೋಡಲಿಲ್ಲ. ಅವನ ಬೆನ್ನಿನ ಹಿಂದೆ, ಕಂಬದ ಕಡೆ ನೋಡಿದರು. ಶ್ಯಾಮ ತಿರುಗಿದ. ಬಸ್ಸು ತಪ್ಪಿ ಹಿಂದೆ ಬಂದ ಮಾಷ್ಟ್ರು ಕಂಬಕ್ಕೆ ಒರಗಿ, ಕೊಡೆಯನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು.

ಎದ್ದು ಓಡುವ ಹಾಗಿಲ್ಲ. ಅರ್ಥಕ್ಕೆ ಕೂತವನು ಭಾಗವತರು ಮಂಗಳ ಹಾಡುವ ತನಕ ಜಾಗ ಬಿಡಬಾರದು. ಬಿಟ್ಟರೆ ಮೇಳಕ್ಕೂ ಮನೆಗೂ ಅವಮಾನ. ಅಷ್ಟು ಸಾಲದೆಂಬಂತೆ ಬೆಳ್ಳಾರೆಯಿಂದ ಬರಬೇಕಾದ ಚೆನ್ನಪ್ಪನ ಪತ್ತೆಯಿಲ್ಲ. ಭಾಗವತರು ದೂತನ ಪದ ಎತ್ತಬೇಕು, ದೂತನ ಚಾಪೆ ಖಾಲಿ. ಪಾಪದ ರಾಧಾಕೃಷ್ಣ ಭಟ್ಟರಿಗೆ ಕಾಗದದ ಸಂಗತಿ ಏನು ಗೊತ್ತು? ತಮಾಷೆ ಇನ್ನೂ ಮೇಲೇರಲಿ ಎಂಬ ಉಮೇದಿನಲ್ಲಿ ಅವರು ಮಾಷ್ಟ್ರ ಕೈ ಹಿಡಿದರು.

"ನೀವೇ ಕೂತ್ಕೊಳ್ಳಿ ಮಾರಾಯ್ರೆ. ನಿಮ್ಮ ಅರ್ಥ ಕೇಳದೆ ಎಷ್ಟು ವರ್ಷ ಆಯ್ತು."

ಮಾಷ್ಟ್ರು ಎರಡು ಸಲ ಬೇಡವೆಂದರು. ಮೂರನೆಯ ಸಲ ಬಂದು ಶ್ಯಾಮನ ಎದುರು ಕೂತರು. ಒಂದು ಮೊಳದ ಅಂತರ. ಕನ್ನಡಕ ಮೂಗಿನ ತುದಿಯಲ್ಲೇ ಇತ್ತು. ಯಾರೋ ಕಿಸಕ್ಕೆಂದರು.

ದೂತನ ಮಾತಿನಲ್ಲಿ ಒಂದು ಇಂಗ್ಲಿಷು ಶಬ್ದವೂ ಬರಲಿಲ್ಲ. ತಾನು ಅರಸನ ಶತ್ರುವಲ್ಲ, ಅವನ ಪರವಾಗಿ ನಾಲ್ಕು ಮಾತು ಹೇಳಬೇಕೆಂದೇ ಇಷ್ಟು ದೂರ ನಡೆದು ಬಂದವನು ಎಂದು ಮೆಲ್ಲನೆ ಹೇಳಿದರು. ಆಮೇಲೆ ಅರಸನ ಮುಖ ನೋಡಿ ಮುಂದರಿದರು.

"ನಾನು ಸಂಶಯ ಸೇರಿಸಿ ಮಾತಾಡುತ್ತೇನೆಂದು ನಿನಗೆ ಕೋಪ. ಆಗಲಿ. ಆದರೆ ಅರಸನೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವನು, ನಾಳೆ ನಿನ್ನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿದರೆ, ಕೇಳಿದವರು ನಂಬುತ್ತಾರೆ. ನನ್ನ ಹತ್ತಿರ ಇರುವ ಆಸ್ತಿ ಅಷ್ಟೇ. ಅದನ್ನೇ ನಿನಗೆ ತಂದಿದ್ದೇನೆ."

ಇದಕ್ಕೆ ಅರಸ ಉತ್ತರ ಕೊಡಬೇಕು. ಕೊಡದಿದ್ದರೆ ಪ್ರಸಂಗ ಮುಂದೆ ಹೋಗುವುದಿಲ್ಲ. ಅರಸನ ಪಾಲಿಗಿರುವುದು ಒಂದೇ ಉತ್ತರ: ದೂತನನ್ನು ಹೀಯಾಳಿಸಿ ಸಭೆಯಿಂದ ಅಟ್ಟುವುದು. ಶ್ಯಾಮ ಅದನ್ನೂ ಮಾಡಿದ. ತನ್ನ ಸ್ವರ ಎಲ್ಲಿಂದಲೋ ಬಂದ ಹಾಗೆ ಅವನಿಗೆ ಕೇಳುತ್ತಿತ್ತು. ಮಾಷ್ಟ್ರು ಪ್ರತಿಯೊಂದು ಬೈಗುಳಕ್ಕೂ ದೂತನ ಕ್ರಮದಲ್ಲಿ ತಲೆಬಾಗಿದರು. ಮುಕ್ಕಾಲು ಗಂಟೆ ಹೀಗೆ ನಡೆಯಿತು. ಮಂಗಳ ಹಾಡುವಾಗ ಶ್ಯಾಮನ ಅಂಗಿ ಬೆನ್ನಿಗೆ ಅಂಟಿತ್ತು.

ಜನ ಚಾ ಕುಡಿಯಲು ಎದ್ದರು. ಗೌಡರು ಮಾತ್ರ ಮಾಷ್ಟ್ರ ಹತ್ತಿರ ಬಂದು, ಶ್ಯಾಮನಿಗೆ ಕೇಳುವ ಹಾಗೆಯೇ ಕೇಳಿದರು.

"ಮಾಷ್ಟ್ರೆ, ಆ ಕಾಗದ ನೀವು ಇವರಿಗೆ ತೋರಿಸಿದ್ದುಂಟಾ?"

ಶ್ಯಾಮ ಮಾಷ್ಟ್ರ ಗಂಟಲು ನೋಡಿದ. ಈಗ ಗುರುಗುಟ್ಟೀತು, ಈಗ ಊಹೆ ಹೊರಟೀತು.

"ಹೌದು," ಎಂದರು ಮಾಷ್ಟ್ರು. "ನಾನೇ ಓದಿ ಹೇಳಿದ್ದೆ. ಆಮೇಲೆ ಅಂಟಿಸಿದ್ದು."

ಹೇಳಿ ಕೊಡೆ ಹುಡುಕಿಕೊಂಡು ಅಂಗಳಕ್ಕೆ ಇಳಿದರು. ಶ್ಯಾಮ ಹಿಂದೆ ಓಡಿದ. ತೋಡು ದಾಟುವ ಮರದ ಸಂಕದ ಹತ್ತಿರ ಅವರು ನಿಂತರು. ಅವನು ಬಾಯಿ ತೆರೆಯುವ ಮೊದಲೇ ಅವರು ಕೈ ಅಡ್ಡ ಮಾಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಕಳಕೊಂಡವರ ಹಾಗೆ ನೀರು ನೋಡುತ್ತಿದ್ದರು.

"ಬೇಡ ಮಗಾ. ನನಗೇ ನಾಚಿಕೆ ಆಗ್ತಾ ಉಂಟು. ಅಷ್ಟು ಸಲೀಸಾಗಿ ಸುಳ್ಳು ಬರ್ತದೆ ಅಂತ ನನಗೆ ಗೊತ್ತಿರ್ಲಿಲ್ಲ."

ಅವರು ಸಂಕ ದಾಟಿ ಹೋದರು. ಶ್ಯಾಮ ತಿರುಗಿ ಮಾವನ ಮನೆಗೆ ಬಂದ. ಗೌಡರು ಜಗಲಿಯಲ್ಲಿ ಒಬ್ಬರೇ ಚಾ ಕುಡಿಯುತ್ತಿದ್ದರು. ಎದುರು ನಿಂತ. ಹೇಳಿದರೆ ಕೆಲಸ ಹೋಗುತ್ತದೆ, ಹೋಗಲಿ.

"ಗೌಡ್ರೆ, ಮಾಷ್ಟ್ರು ಓದಿ ಹೇಳಿದ್ದಲ್ಲ. ಲಕೋಟೆ ನಾನು ಒಡೆದದ್ದು."

ಗೌಡರು ಗ್ಲಾಸು ಕೆಳಗಿಟ್ಟರು. "ಅನ್ನದ ಅಗುಳು ಕಾಗದಕ್ಕೂ ಹಿಡಿದಿತ್ತು ಶ್ಯಾಮ ಭಟ್ರೆ. ಮಾಷ್ಟ್ರ ಮನೆಯಲ್ಲಿ ಗೋಂದಿನ ಬಾಟ್ಲಿ ಉಂಟು. ನನಗೆ ಆ ದಿನವೇ ಗೊತ್ತಾಗಿದೆ."

ಆ ದಿನವೇ ಅವನನ್ನು ಬೇಡವೆಂದು ಬಿಟ್ಟಿದ್ದರಂತೆ. ಇವತ್ತು ಕೇಳಿದ್ದು ಮಾಷ್ಟ್ರು ಏನು ಹೇಳುತ್ತಾರೆ ನೋಡಲಿಕ್ಕಂತೆ.

"ಈಗ ಎಂತ ಮಾಡುದು? ಅವರು ಹೌದು ಅಂದಾಯ್ತು. ಅದನ್ನು ಸುಳ್ಳು ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀವೂ ಇದನ್ನು ಇನ್ನು ಯಾರ ಹತ್ರವೂ ಹೇಳ್ಬಾರ್ದು. ನಾಳೆ ಸೋಮವಾರ, ಹತ್ತಕ್ಕೆ ಬನ್ನಿ. ಒಂಬತ್ತನೇ ಕ್ಲಾಸು."

ಶ್ಯಾಮನಿಗೆ ತಲೆ ಎತ್ತಲಾಗಲಿಲ್ಲ. ಒಳಗಿನಿಂದ ಮಾವ ಚಾ ಆರುತ್ತದೆಂದು ಎರಡು ಸಲ ಕರೆದರು. ಗೌಡರು ಎದ್ದು ಹೋದ ಮೇಲೂ ಅವನು ಖಾಲಿ ಗ್ಲಾಸನ್ನು ನೋಡಿಕೊಂಡು ನಿಂತೇ ಇದ್ದ.